ನೂಲಗದ ಓದು

ತಪ್ಪು ಕಂಡರೆ ತಿದ್ದದೆ ಇರಲಾರದ ಜಾಯಮಾನ ನನ್ನದು. ಮದುವೆಯ ಕರೆಯೋಲೆ ಬಂದರೂ ಮೊದಲು ಕೆಂಪು ಪೆನ್ನು ಹುಡುಕುತ್ತೇನೆ, ಆಮೇಲೆ ಮುಹೂರ್ತ ನೋಡುತ್ತೇನೆ. ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿದ್ದರ ಫಲ ಇದು ಎಂದು ನಾನು ಸಮಾಧಾನ ಪಟ್ಟುಕೊಂಡರೆ, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾಳೆ ನನ್ನ ಹೆಂಡತಿ. ಮೊನ್ನೆ ಈ ಗುಣದಿಂದ ಒಬ್ಬ ಹುಡುಗಿಯ ಓದೇ ನಿಂತುಹೋಗುವುದರಲ್ಲಿತ್ತು.

ನಮ್ಮದು ತಮಿಳುನಾಡಿನ ಕರುಮತ್ತಂಪಟ್ಟಿ. ಇಲ್ಲಿ ತರಗತಿಯಲ್ಲಿ ಪಾಠಕ್ಕಿಂತ ಪಕ್ಕದ ಪವರ್‌ಲೂಮ್ ಹೆಚ್ಚು ಕೇಳಿಸುತ್ತದೆ. ಪ್ಲಸ್ ಟು ಮಕ್ಕಳಿಗೆ ಮುಂದಿನ ಓದು, ಉದ್ಯೋಗದ ದಾರಿ ತೋರಿಸಲು ಪ್ರತಿ ಶಾಲೆಗೂ ಒಬ್ಬ ಮಾರ್ಗದರ್ಶಿ ಶಿಕ್ಷಕ ಇರಬೇಕೆಂದು ಜಿಲ್ಲಾ ಕಚೇರಿಯಿಂದ ಆದೇಶ ಬಂತು. ಮೀಟಿಂಗಿಗೆ ತಡವಾಗಿ ಹೋದ ನಾನು ಹೆಡ್‌ಮಾಸ್ಟರ ಕಣ್ಣಿಗೆ ಬಿದ್ದೆ. ಕೆಲಸ ನನಗೇ ಬಿತ್ತು. ಕೊಯಮತ್ತೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ಮಕ್ಕಳಿಂದ ಮೂರು ಆಯ್ಕೆ ಬರೆಸಬೇಕು, ಬಸ್ಸಿನಲ್ಲಿ ಕಾಲೇಜು ತೋರಿಸಬೇಕು, ಒಪ್ಪದ ಮನೆಗಳಿಗೆ ಹೋಗಿ ಮಾತಾಡಬೇಕು. ಅಂದಹಾಗೆ ನಾನು ಮೇಷ್ಟ್ರಾದದ್ದು, ನಮ್ಮ ಮನೆ ಮುಂದೆ ನಿಲ್ಲುತ್ತಿದ್ದ ಒಂದೇ ಬಸ್ಸು ಟ್ರೈನಿಂಗ್ ಸ್ಕೂಲಿಗೆ ಹೋಗುತ್ತಿತ್ತು ಎಂಬ ಕಾರಣಕ್ಕೆ. ಇಂಥ ನಾನು ಊರಿನ ಮಕ್ಕಳಿಗೆಲ್ಲ ದಾರಿ ತೋರಿಸತೊಡಗಿದೆ.

ಸೌಡೇಶ್ವರಿ ಎಂಬ ಹುಡುಗಿ ಮೊದಲ ಆಯ್ಕೆಯಾಗಿ ಗ್ರಂಥಾಲಯ ವಿಜ್ಞಾನ ಬರೆದಿದ್ದಳು. ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ನೇಯ್ಗೆಯ ಮನೆತನ. ಅವಳ ಅಜ್ಜಿ ನಿಂಗಮ್ಮ ಒಂದು ನಿಶ್ಚಿತಾರ್ಥದಲ್ಲಿ, ನೂಲು ಬಿಟ್ಟು ಬೇರೆ ಓದು ನಮ್ಮ ಮನೆ ಹೆಣ್ಣುಮಕ್ಕಳಿಗೆ ಬೇಡ ಎಂದು ನೆಂಟರೆಲ್ಲರ ಎದುರು ಸಾರಿಬಿಟ್ಟಿದ್ದರು. ಆಡಿದ ಮಾತು ತಪ್ಪಿದವರಲ್ಲ ಆಕೆ. ಅಜ್ಜಿ ಒಪ್ಪದಿದ್ದರೆ ಜೂನ್‌ನಿಂದ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗಬೇಕು ಸಾರ್, ಎಂದು ಹುಡುಗಿ ನೆಲ ನೋಡುತ್ತ ಹೇಳಿದಳು.

ಅವರ ಮನೆಗೆ ಹೋದೆ. ಅಜ್ಜಿ, ಅಪ್ಪ, ಚಿಕ್ಕಪ್ಪಂದಿರು ಕೂತಿದ್ದರು. ಅಪ್ಪ ಕಾಲೇಜಿನ ಫಾರಂ ಗಟ್ಟಿಯಾಗಿ ಓದಿದರು: “ನೂಲಗ ಅರಿವಿಯಲ್.” ತಮಿಳಿನಲ್ಲಿ ನೂಲ್ ಎಂದರೆ ದಾರವೂ ಹೌದು, ಪುಸ್ತಕವೂ ಹೌದು, ನೂಲಗಂ ಎಂದರೆ ಗ್ರಂಥಾಲಯ, ಅರಿವಿಯಲ್ ಎಂದರೆ ವಿಜ್ಞಾನ. ಅಜ್ಜಿ, “ನೂಲಿನ ಓದು ತಾನೆ? ಹೋಗ್ಲಿ ಬುಡು” ಎಂದು ಹೆಬ್ಬೆಟ್ಟು ಒತ್ತಿದರು. ನಾಲಿಗೆ ತುದಿಗೆ ಬಂದ ತಿದ್ದುಪಡಿಯನ್ನು ನಾನು ಕಾಫಿಯ ಜೊತೆ ನುಂಗಿಕೊಂಡೆ.

ಆದರೆ ಅರಗಬೇಕಲ್ಲ! ಅಕ್ಷರ ಬಾರದ ಮುದುಕಿಗೆ ಮೋಸವಾಗುವುದನ್ನು ನೋಡುತ್ತ ಕೂತೆನಲ್ಲ ಎಂದು ಮೂರು ವಾರ ಒದ್ದಾಡಿದೆ. ಸುಮ್ಮನೆ ಬಿದ್ದಿರಿ ಎಂದಳು ಹೆಂಡತಿ. ಕೇಳಲಿಲ್ಲ. ಕಾಲೇಜು ಸೇರುವ ಹಿಂದಿನ ದಿನ ಮತ್ತೆ ಆ ಮನೆಗೆ ಹೋದೆ. ನೆಂಟರು ತುಂಬಿದ್ದರು. ಹುಡುಗಿ ಸರ್ಟಿಫಿಕೇಟುಗಳನ್ನು ಜೋಡಿಸುತ್ತಿದ್ದಳು. “ಅಜ್ಜಿ, ಈ ನೂಲಗ ಅಂದ್ರೆ...” ಎಂದು ಶುರುಮಾಡಿದೆ. ಅಪ್ಪ ಕೆಮ್ಮಿದರು. ಚಿಕ್ಕಪ್ಪ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹುಡುಗಿ ಸರ್ಟಿಫಿಕೇಟು ಜೋಡಿಸುವುದನ್ನು ನಿಲ್ಲಿಸಿದಳು. ಆದರೂ ನನಗೆ ಹೊಳೆಯಲಿಲ್ಲ ನೋಡಿ. “ನೂಲು ಅನ್ನೋದಕ್ಕೆ ತಮಿಳಲ್ಲಿ ಇನ್ನೊಂದು...” ಅನ್ನುವಷ್ಟರಲ್ಲಿ ಅಜ್ಜಿ ಎದ್ದು ನನ್ನ ಮೊಣಕೈ ಹಿಡಿದು ಗೇಟಿನ ತನಕ ನಡೆಸಿಕೊಂಡು ಬಂದರು.

“ವಾತಿಯಾರೇ,” ಎಂದರು ಮೆಲ್ಲಗೆ, “ನಾನು ದಿನಾ ಬಸ್ ಹತ್ತೋದು ನೂಲಗದ ಮುಂದೇನೇ. ಅದು ಏನೂಂತ ಈ ಮನೇಲಿ ಗೊತ್ತಿಲ್ಲದೋರು ಯಾರೂ ಇಲ್ಲ. ಆಡಿದ ಮಾತೂ ಉಳೀಬೇಕು, ಮಗೂನೂ ಓದ್ಬೇಕು ಅಂತ ಎಲ್ಲಾರೂ ಬಾಯಿ ಮುಚ್ಕೊಂಡವ್ರೆ. ನಿಮಗೇನು ಬಂತು?”

ಮರುದಿನ ಸೌಡೇಶ್ವರಿ ಕಾಲೇಜು ಸೇರಿದಳು. ನಾನು ಕಚೇರಿಗೆ ಕಳಿಸುವ ವರದಿ ತುಂಬಲು ಕೂತೆ. ಮನೆ ಭೇಟಿಯಲ್ಲಿ ತಪ್ಪು ತಿಳಿವಳಿಕೆ ನಿವಾರಣೆಯಾದವರ ಸಂಖ್ಯೆ ಎಂದು ಒಂದು ಕಾಲಂ ಇತ್ತು. ಒಂದು ಎಂದು ಬರೆದೆ. ಪುಣ್ಯಕ್ಕೆ, ಹೆಸರು ಕೇಳಿರಲಿಲ್ಲ.