ಉಪ್ಪು ಸರಿ ಐತ್ರಿ

"ಇನ್ನ ಮ್ಯಾಲ ಈ ಮನ್ಯಾಗ ಒಲಿ ಮುಂದ ನಿಲ್ಲಾವ ನಾನ!" ಎಂದು ಅಮರಯ್ಯ ಘೋಷಿಸಿದಾಗ ಅವರ ಸೊಂಟಕ್ಕೆ ಹಳೇ ಟವೆಲ್ಲು, ಕೈಯಲ್ಲಿ ಸೌಟು, ಮುಖದ ಮೇಲೆ ದಂಡಯಾತ್ರೆಗೆ ಹೊರಟ ಸೇನಾಪತಿಯ ಕಳೆ! "ಜೀವಮಾನ ಎಲ್ಲಾ ಕಾರ್ಖಾನ್ಯಾಗ ಕೂದಲೆಳಿಯಂಥಾ ತಂತಿಗೆ ಬೆಸುಗಿ ಹಾಕೀನಿ. ನನ್ನ ಮುಂದ ಅನ್ನ, ಬ್ಯಾಳಿ ಯಾವ ಗಿಡದ ತಪ್ಪಲ?"

ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ ಹೆಂಡತಿ ಗುರುದೇವಿ ನಕ್ಕರು. ನಕ್ಕರೆ ಈಗ ಅವರ ಬಾಯಿ ಒಂದೇ ಕಡೆ ಅರಳುತ್ತಿತ್ತು. ಬಾಯಿಯ ಕ್ಯಾನ್ಸರು. ಆಪರೇಷನ್ ಆಗಿ, ರೇಡಿಯೇಷನ್ ಮುಗಿದು, ಹುಣ್ಣುಗಳೂ ಮಾಯ್ದಿದ್ದವು. ಆದರೂ ಅವರು ಅಡಿಗೆಮನೆಯ ಕಡೆ ಹಾಯುತ್ತಿರಲಿಲ್ಲ. ಕೇಳಿದರೆ, "ಕೈಯಾಗ ಶಕ್ತಿ ಇಲ್ರಿ" ಅನ್ನುವರು. ತೆಲುಗು ನಾಡಿನ ಕುಷಾಯಿಗೂಡದ ಆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಮೆಸ್ಸಿನಿಂದ ಬರುವ ಡಬ್ಬಿಯ ಊಟವನ್ನು ಗುರುದೇವಿ ನಾಲ್ಕು ತುತ್ತು ಕೆದಕಿ ಬದಿಗೆ ಸರಿಸುತ್ತಿದ್ದರು. ಕೈಯೆತ್ತಿದರೆ ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಅದನ್ನು ನೋಡಲಾರದೆಯೇ ಅಮರಯ್ಯ ಸೌಟು ಹಿಡಿದದ್ದು.

ಮೊದಲ ದಿನ ಅಮರಯ್ಯನವರ ಬೇಳೆ ಬೇಯಲಿಲ್ಲ, ಎರಡೂ ಅರ್ಥದಲ್ಲಿ! ಮರುದಿನ ಬೆಂದಿತು. ಆದರೆ ಕುಕ್ಕರಿನ ಮುಚ್ಚಳವನ್ನು ಅವರು ಅವಸರದಲ್ಲಿ ಎಳೆದರು ನೋಡಿ, ಢಂ! ಬೇಳೆಯಷ್ಟೂ ಚಾವಣಿಗೆ ಹಾರಿ, ಅಡಿಗೆಮನೆಗೆ ಅರಿಶಿನದ ಮಳೆ. ಪಕ್ಕದ ಮನೆಯ ತೆಲುಗಿನ ಗುಂಡಮ್ಮ ಏನಾಯಿತೆಂದು ಓಡಿ ಬಂದಳು.

"ಏಮಾಯಿಂದಿ ಅನ್ನಾ?"

"ಏಮೀ ಲೇದಮ್ಮಾ, ಟೆಸ್ಟಿಂಗು!" ಅಂದರು ಅಮರಯ್ಯ, ಮೀಸೆಯ ಮೇಲಿನ ಬೇಳೆ ಒರೆಸಿಕೊಳ್ಳುತ್ತಾ.

ಅನ್ನ ಮೆತ್ತಗೆ ಮಾಡುವುದನ್ನು ಕಲಿತರು, ಬೇಳೆ ಕುದಿಸುವುದನ್ನು ಕಲಿತರು. ಸೋತದ್ದು ಉಪ್ಪಿನ ಮುಂದೆ. ಮೊಬೈಲಿನಲ್ಲಿ ಅಡಿಗೆ ಹೇಳಿಕೊಡುವ ಹೆಂಗಸು "ಉಪ್ಪು ರುಚಿಗೆ ತಕ್ಕಷ್ಟು" ಎಂದು ಹಲ್ಲು ಕಿರಿದದ್ದೇ ತಡ, ಅಮರಯ್ಯನವರಿಗೆ ಎಲ್ಲಿಲ್ಲದ ಸಿಟ್ಟು!

"ತಕ್ಕಷ್ಟು ಅಂದ್ರ ಎಷ್ಟವ್ವಾ? ಇಂಥಾ ಲೆಕ್ಕ ಕೊಟ್ರ ಕಾರ್ಖಾನಿ ನಡೀತೈತೇನು?"

ಅವರಿಗೆ ಬಿ.ಪಿ. ಬೇರೆ. ಡಾಕ್ಟರು ಉಪ್ಪು ಬಿಡಿಸಿದ್ದರು. ಹಾಗಾಗಿ ತಮ್ಮ ಪಾಲಿನ ಸಪ್ಪೆ ಬೇಳೆಯನ್ನು ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕಿ ಹೆಂಡತಿಗೆ ಬಡಿಸುತ್ತಿದ್ದರು. ರುಚಿ ನೋಡಿ ಪಾಸು ಮಾಡುವ ಅಧಿಕಾರ ಗುರುದೇವಿಯದಾಯಿತು.

"ಉಪ್ಪು ಹೆಂಗೈತಿ?"

"ಸರಿ ಐತ್ರಿ."

ಒಂದು ದಿನ, ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದರು. ಬಡಿಸಿದ ಮೇಲೆ ನೆನಪಾಯಿತು.

"ಇವತ್ತು ಹೆಂಗೈತಿ?"

"ನಿನ್ನಿಗಿಂತ ಚಲೋ ಐತಿ."

ಓಹೋ! ಹಾಗಾದರೆ ಇದೇ ಸರಿಯಾದ ಅಳತೆ ಎಂದುಕೊಂಡರು ಅಮರಯ್ಯ. ಮರುದಿನ ಇನ್ನಷ್ಟು ಹಾಕಿದರು. "ಭಾಳ ಚಲೋ ಆಗೇತ್ರಿ" ಅಂದರು ಗುರುದೇವಿ. ತಟ್ಟೆ ಬಳಿದು ಉಂಡರು. ದಿನದಿನಕ್ಕೂ ಹೊಗಳಿಕೆ ಏರಿತು, ಉಪ್ಪೂ ಏರಿತು, ಅಮರಯ್ಯನವರ ತಲೆಯಂತೂ ಚಾವಣಿಯ ಬೇಳೆಯ ಕಲೆಗೆ ಮುಟ್ಟಿತು!

"ಮ್ಯಾಲಿನ ಮನಿಯವರನ್ನ ಊಟಕ್ಕ ಕರೀತೀನಿ" ಎಂದರು ಒಂದು ದಿನ. ಮೇಲಿನ ಮನೆಯ ಮೋಹನ, ನಳಿನಿ ಮೈಸೂರಿನ ಕಡೆಯ ಎಳೆಯ ಜೋಡಿ, ಕಂಪ್ಯೂಟರ್ ಕೆಲಸದವರು. ರೇಡಿಯೇಷನ್ ಇದ್ದಾಗ ಗುರುದೇವಿಯನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದವರು.

ಗುರುದೇವಿಯ ಮುಖ ಬಿಳಿಚಿತು. "ಬ್ಯಾಡ್ರಿ. ಹೋಟೆಲಿನಿಂದ ತರಸ್ರಿ."

"ಯಾಕ? ಚಲೋ ಐತಿ ಅಂದಾಕಿ ನೀನ ಅಲ್ಲ?"

ಗುರುದೇವಿ ಗೋಡೆಯ ಕಡೆ ಮುಖ ತಿರುಗಿಸಿದರು.

ಭಾನುವಾರ ಮಧ್ಯಾಹ್ನ ಚಾಪೆ ಹಾಸಿ ಅಮರಯ್ಯ ತಾವೇ ಬಡಿಸಿದರು. ಮೋಹನ ಮೊದಲ ತುತ್ತು ಬಾಯಿಗಿಟ್ಟ. ಕಣ್ಣು ಅರಳಿದವು, ಕಿವಿ ಕೆಂಪಾದವು, ಕೈ ನೀರಿನ ತಂಬಿಗೆಗೆ ಹೋಯಿತು. ನಳಿನಿ ಮೊಣಕೈಯಿಂದ ಅವನನ್ನು ತಿವಿದಳು.

"ತುಂಬಾ ಚೆನ್ನಾಗಿದೆ ಅಂಕಲ್" ಅಂದಳು. ಅವಳ ಕಣ್ಣಲ್ಲಿ ನೀರು! ಆನಂದಬಾಷ್ಪವೇ ಇರಬೇಕೆಂದು ಅಮರಯ್ಯ ಇನ್ನೊಂದು ಸೌಟು ಎತ್ತಿದರು. ಮೋಹನ ಎರಡೂ ಕೈಗಳಿಂದ ತಟ್ಟೆ ಮುಚ್ಚಿದ.

"ಅಂಕಲ್, ನಿಮ್ಮ ದಮ್ಮಯ್ಯ ಅಂತೀನಿ! ಬೇಡಿ!"

ಅಮರಯ್ಯ ಬಿ.ಪಿ. ಮರೆತರು. ಸೌಟಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಬಂಗಾಳ ಕೊಲ್ಲಿಯನ್ನೇ ಕುದಿಸಿ ಬತ್ತಿಸಿದಂತಿತ್ತು!

ಥೂ ಎಂದು ಉಗುಳಿ ತಿರುಗಿದರು. ಮಂಚದ ಮೇಲೆ ಗುರುದೇವಿ ಅದೇ ಬೇಳೆ, ಅದೇ ಅನ್ನವನ್ನು ಒಂದೊಂದೇ ತುತ್ತು ಮಾಡಿ ನುಂಗುತ್ತಿದ್ದರು. ಮುಖ ಒಂದಿಷ್ಟೂ ಕಿವುಚಿರಲಿಲ್ಲ.

ಅಮರಯ್ಯ ಸೌಟು ಕೆಳಗಿಟ್ಟರು. ಮೋಹನ, ನಳಿನಿ ಕೈ ತೊಳೆದು, ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋದರು.

"ಗುರುದೇವಿ, ಖರೇ ಹೇಳು."

"ಏನ್ ಹೇಳ್ಲಿ? ನನಗ ಉಪ್ಪೂ ತಿಳೀವಲ್ದು, ಖಾರಾನೂ ತಿಳೀವಲ್ದು. ಏನ್ ತಿಂದ್ರೂ ಬಾಯಾಗ ಮಣ್ಣು ಇಟ್ಟಂಗ ಆಕೈತಿ. ನೀವು ಔಷಧ ತರಾಕ ಹೋದಾಗ ಡಾಕ್ಟರು ಹೇಳಿದ್ರು, ರುಚಿ ಬಂದ್ರ ಬರ್ತೈತಿ, ಇಲ್ಲಂದ್ರ ಇಲ್ಲ ಅಂತ. ಕೈಯಾಗ ಶಕ್ತಿ ಐತ್ರಿ. ರುಚಿ ತಿಳೀದಾಕಿ ಏನಂತ ಒಲಿ ಮುಂದ ನಿಲ್ಲಲಿ?"

ಅಮರಯ್ಯ ಮಂಚದ ಪಕ್ಕ ನೆಲದ ಮೇಲೆ ಕುಸಿದರು. ಸೊಂಟದ ಟವೆಲ್ಲು ಬಿಚ್ಚಿ ಕಣ್ಣಿಗೆ ಒತ್ತಿಕೊಂಡರು.

"ಮತ್ತ ನನ್ನ ಮುಂದ ಚಲೋ ಐತಿ, ಚಲೋ ಐತಿ ಅಂತ ಯಾಕ ಅಂದಿ? ಇಷ್ಟು ದಿನ ಸುಳ್ಳ ಹೇಳಿದ್ಯಲ್ಲ!"

"ಸೌಟು ಹಿಡಕೊಂಡು ನನ್ನ ಮಾರಿನ ನೋಡಕೋತ ನಿಂದರ್ತಿದ್ರಿ. ಬ್ಯಾರೆ ಏನ್ ಅನ್ನಾಕ ಬರ್ತೈತಿ?"

ಗುರುದೇವಿ ಸೆರಗಿನಿಂದ ಮೂಗು ಒರೆಸಿಕೊಂಡರು. ಬಾಯಿಯ ಒಂದು ಕಡೆ ಸಣ್ಣಗೆ ನಗು ಮೂಡಿತು.

"ಮದುವಿ ಆದಾಗಿಂದ ನಾನೂ ಹಂಗ ನಿಂದರ್ತಿದ್ದೆ ರೀ. ನಿಮ್ಮ ನಾಲಿಗಿ ನೆಟ್ಟಗ ಇತ್ತಲ್ಲ? ಒಂದಿನರ ಚಲೋ ಐತಿ ಅಂದೀರೇನು?"