ಸಣ್ಣ ಮಾವ ಆರಿಸಬೇಕಾದ ಎಂಜಿನ್

ಪಿಕಪ್ ಕೊಳ್ಳುವಾಗ ನೀವೆಲ್ಲ ಯಾರನ್ನು ಕೇಳುತ್ತೀರಿ? ಮೆಕ್ಯಾನಿಕ್ಕನ್ನು, ಹೆಚ್ಚೆಂದರೆ ಹೆಂಡತಿಯನ್ನು. ನಮ್ಮ ದೊಡ್ಡ ಮಾವ ಸತ್ತವರನ್ನು ಕೇಳುತ್ತಾರೆ. ನಗಾಡಿ, ತೊಂದರೆ ಇಲ್ಲ. ನಾನೂ ನಾಲ್ಕು ತಿಂಗಳು ನಗಾಡಿದವನೇ.

ಕೇಳುವುದು ಅವರ ಸ್ವಂತ ತಮ್ಮನನ್ನು, ಅಂದರೆ ನಮ್ಮ ಸಣ್ಣ ಮಾವನನ್ನು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಗಾಡಿಯಲ್ಲಿ ಕಾರ್ಕಳದ ಕಲ್ಲನ್ನು ಕಾಪುವಿಗೆ ತಂದವರು. ದೊಡ್ಡ ಮಾವನದು ಸ್ಟಿಯರಿಂಗ್, ಸಣ್ಣ ಮಾವನದು ತೀರ್ಮಾನ. ಯಾವ ಟಯರ್ ಹಾಕಬೇಕು, ಚಹಾಕ್ಕೆ ಎಲ್ಲಿ ನಿಲ್ಲಿಸಬೇಕು, ಎಲ್ಲ ಹೇಳುವವರು ಅವರೇ. ಈ ಮಾರ್ಚಿನಲ್ಲಿ ಆ ಗಾಡಿಯಲ್ಲೇ ಅವರ ಹೃದಯ ನಿಂತುಹೋಯಿತು. ಆ ದಿನದ ಬಗ್ಗೆ ದೊಡ್ಡ ಮಾವ ಬಾಯಿ ಬಿಡಲಿಲ್ಲ. ಹಳೆ ಗಾಡಿಯನ್ನು ಮತ್ತೆ ಮುಟ್ಟಲೂ ಇಲ್ಲ. ಹೊಸದು ಬಾರದೆ ದುಡಿಮೆ ಇಲ್ಲ, ತಮ್ಮ ಹೇಳದೆ ಇವರು ಎಂಜಿನ್ ಆರಿಸುವುದಿಲ್ಲ. ಎಂತ ಮಾಡುವುದು ಹೇಳಿ!

ಉಡುಪಿಯ ಒಂದು ಶೋರೂಮಿಗೆ ನಾನೇ ಕರೆದುಕೊಂಡು ಹೋದೆ. ಟೈ ಕಟ್ಟಿದ ಹುಡುಗ ಮೊದಲು ಎಲೆಕ್ಟ್ರಿಕ್ ತೋರಿಸಿದ.

"ಶಬ್ದವೇ ಇಲ್ಲ ಸರ್."

"ಶಬ್ದವಿಲ್ಲದೆ ತಿರುಗಾಡುವುದು ಕುಲೆ ಮಾತ್ರ," ಎಂದರು ಮಾವ. ಕುಲೆ ಎಂದರೆ ನಮ್ಮ ಕಡೆಯ ಪ್ರೇತ. ಇದನ್ನು ಎಲ್ಲಿ ಬರೆದುಕೊಳ್ಳುವುದೆಂದು ಅವನು ಫಾರಂ ನೋಡಿದ.

ಡೀಸೆಲ್ ಗಾಡಿಯ ಟೆಸ್ಟ್ ಡ್ರೈವಿಗೆ ಅವನು ಎಡಗಡೆ ಹತ್ತಲು ಹೋದರೆ ಮಾವ ತಡೆದರು. "ಅಲ್ಲಿ ಬೇಡ. ಅಲ್ಲಿ ಜನ ಇದ್ದಾರೆ."

ಪಿಕಪ್ಪಿಗೆ ಹಿಂದಿನ ಸೀಟು ಉಂಟಾ? ಮಣಿಪಾಲದ ಏರನ್ನು ಆ ಟೈಯವನೂ ನಾನೂ ಕಲ್ಲು ಹೇರುವ ಜಾಗದಲ್ಲಿ ನಿಂತು, ಕಂಬಿ ಹಿಡಿದು ಹತ್ತಿದೆವು. ಹಿಂದಿನ ಗಾಜಿನಲ್ಲಿ ಮಾವ ಕಾಣುತ್ತಿದ್ದರು. ಖಾಲಿ ಸೀಟಿಗೆ ಏನೋ ಕೇಳುವುದು, ಆಮೇಲೆ ತಲೆ ವಾಲಿಸಿ ಸುಮ್ಮನೆ ಕಾಯುವುದು. ಆ ಕಾಯುವುದನ್ನು ನೋಡಿ ನನಗೆ ಒಂಥರಾ ಆಯಿತು.

ಇಳಿದ ಮೇಲೆ ಟೈಯವನು ಒಳಗೆ ಇಣುಕಿ ಬಿಳಿಚಿಕೊಂಡ. ಎಡಗಡೆಯ ಸೀಟ್ ಬೆಲ್ಟಿನ ಕೆಂಪು ದೀಪ ಮಿನುಗುತ್ತಿತ್ತು.

"ಯಾರೂ ಕೂತಿಲ್ಲದಿದ್ದರೆ ಇದು ಉರಿಯಬಾರದು ಸರ್."

"ಅವನಿಗೆ ಬೆಲ್ಟ್ ಹಾಕುವ ಅಭ್ಯಾಸವೇ ಇಲ್ಲ," ಎಂದು ಮಾವ ಬಗ್ಗಿ ಬೆಲ್ಟ್ ಸಿಕ್ಕಿಸಿದರು. ದೀಪ ಆರಿತು.

"ಸೆನ್ಸರ್ ಪ್ರಾಬ್ಲಂ," ಎಂದು ಅವನೂ ನಾನೂ ಒಟ್ಟಿಗೆ ಹೇಳಿದೆವು.

"ಎಂತ ಹೇಳಿದರು ಸಣ್ಣ ಮಾವ?" ಎಂದು ದಾರಿಯಲ್ಲಿ ತಮಾಷೆಗೆ ಕೇಳಿದೆ.

"ಎಂತ ಹೇಳ್ಲಿಲ್ಲ." ಸಿಎನ್‌ಜಿ ಗಾಡಿಯಲ್ಲೂ ಇದೇ ಕಥೆ. ಕಾರ್ಕಳದ ಏರಿಗೆ ಡೀಸೆಲ್ ಎಳೆಯುತ್ತದೆ, ಸಿಎನ್‌ಜಿಯಲ್ಲಿ ಖರ್ಚು ಕಡಿಮೆ ಎಂದು ಊರೆಲ್ಲ ಬುದ್ಧಿ ಹೇಳಿತು. ಅವರು ಕೇಳಿಸಿಕೊಳ್ಳಲೇ ಇಲ್ಲ.

ಜುಲೈಯ ಮಳೆಯೊಟ್ಟಿಗೆ ನಮ್ಮ ತುಳುವರ ಆಟಿ ತಿಂಗಳು ಬಂತು. ಆಗ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಕ್ರಮ. ಮಾವ ಎಲೆಯ ಬಲಕ್ಕೆ ಶೋರೂಮಿನವರು ಕೊಟ್ಟ ಡೀಸೆಲ್ ಗಾಡಿಯ ಕಾಗದ, ಎಡಕ್ಕೆ ಸಿಎನ್‌ಜಿಯದ್ದು ಇಟ್ಟರು. ಯಾವುದಕ್ಕೆ ಕೋಳಿಸಾರು ತಾಗುತ್ತದೋ ಅದನ್ನೇ ತರುವುದಂತೆ!

"ಕೋರಿರೊಟ್ಟಿ ಉಣ್ಣಲಿಕ್ಕೆ ಬಂದವರಿಗೆ ಎಂಜಿನಿನ ಕಾಗದ ಓದಿಸ್ತೀರಾ?" ಎಂದು ಅತ್ತೆ ಗದರಿದರು.

ಬಾಗಿಲು ಮುಚ್ಚಿ, ಮಾವ ಮತ್ತು ನಾನು ಹೊರಗೆ ಕುಳಿತೆವು. ಸ್ವಲ್ಪ ಹೊತ್ತಿಗೆ ಒಳಗೆ ಕಾಗದ ಸರಸರ ಎಂದಿತು. ಫ್ಯಾನಿನ ಗಾಳಿ ಎಂದುಕೊಂಡೆ. ಕರೆಂಟ್ ಹೋಗಿ ಒಂದು ಗಂಟೆಯಾಗಿತ್ತು. ಕಿಟಕಿಯನ್ನು ನಾನೇ ಮುಚ್ಚಿ ಬಂದಿದ್ದೆ.

ನೋಡೋಣವೆಂದು ಎದ್ದೆ. ಮಾವ ಕೈ ಹಿಡಿದು ಕೂರಿಸಿದರು.

"ನಾನು ಅವನತ್ರ ಕೊನೆಗೆ ಕೇಳಿದ್ದೇ ಇದು," ಎಂದರು. "ಕಲ್ಲು ಹೇರಿ ಕಾರ್ಕಳ ಬಿಟ್ಟ ಮೇಲೆ ಕೇಳಿದೆ, ಹೊಸದು ಡೀಸೆಲಾ, ಸಿಎನ್‌ಜಿಯಾ ಅಂತ. ಮಾತಾಡಲಿಲ್ಲ. ನಿದ್ದೆ ಬಂದವರ ಹಾಗೆ ನಾಟಕ ಮಾಡ್ತಾನೆ ಅಂತ ಸಿಟ್ಟು ಬಂತು. ಕಾಪು ಮುಟ್ಟುವವರೆಗೆ ಬೈದೆ ಮಾರಾಯ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಹೋಗಿಯಾಗಿತ್ತು."

ನನಗೆ ಅಳು ಬಂತು. ತಮ್ಮನಿಂದ ಒಂದೇ ಒಂದು ಮಾತು ಬಂದಿದ್ದರೆ ಸಾಕಿತ್ತು ಈ ಮನುಷ್ಯನಿಗೆ.

ಒಳಗೆ ಸದ್ದು ನಿಂತಿತು. ಮಾವ ಏಳಲಿಲ್ಲ. ಬಾಗಿಲಿನಿಂದ ಕಣ್ಣು ತೆಗೆದು ಮೆಲ್ಲ ನನ್ನ ಕಡೆ ತಿರುಗಿದರು.

"ನೀನಾದರೂ ಹೇಳು ಮಾರಾಯ. ಡೀಸೆಲಾ..."

"ಡೀಸೆಲ್ ಮಾವ," ಎಂದೆ, ಅವರು ಕೇಳಿ ಮುಗಿಸುವ ಮೊದಲೇ.