ಅತ್ತೆಯ ಕಿಟಕಿ

ಕಂಪ್ಯೂಟರಿನ ಪರದೆಯ ಮೇಲೆ ಹೆಂಡತಿ ತೆರೆದಿಟ್ಟ ಕಿಟಕಿಗಳನ್ನು ಕಂಡರೆ ಇಲ್ಪೊನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಾಡಿನ ತಂಡದ ಪತ್ರ ಒಂದು ಮೂಲೆಯಲ್ಲಿ, ಮೀನಿನ ಸಾರು ಮಾಡುವ ವಿಧಾನ ಅದರ ಹೆಗಲ ಮೇಲೆ, ಹವಾಮಾನ ಅರ್ಧ ಪರದೆಯಾಚೆ. ಕುವೊಪಿಯೊ ಊರಿನ ಸುತ್ತಮುತ್ತ ನಲವತ್ತು ವರ್ಷ ಜಮೀನು ಅಳೆದು ನಿವೃತ್ತನಾದ ಸರ್ವೆಯವನು ಇದನ್ನೆಲ್ಲ ಹೇಗೆ ಸಹಿಸಿಯಾನು?

"ನಿನ್ನ ಕಿಟಕಿಗಳು ಬೀಡಾಡಿ ದನದ ಹಾಗೆ ಅಡ್ಡಾಡ್ತವೆ, ಐಲಾ."

"ಅಡ್ಡಾಡ್ಲಿ ಬಿಡು. ನಿನ್ನ ಹೊಲ ಏನೂ ಮೇಯ್ತಿಲ್ವಲ್ಲ."

ಮೂರು ದಿನ ಕೂತು ಇಲ್ಪೊ ಒಂದು ಪುಟ್ಟ ಪ್ರೋಗ್ರಾಮ್ ಬರೆದ. ಯಾವ ಕಿಟಕಿ ಎಲ್ಲಿ ನಿಲ್ಲಬೇಕು, ಎಷ್ಟಗಲ, ಎಷ್ಟೆತ್ತರ, ಎಲ್ಲಕ್ಕೂ ರಾಜಾಜ್ಞೆ. ಎಡಕ್ಕೆ ಅವನ ನಕ್ಷೆ, ಬಲಕ್ಕೆ, ಯಾರೇ ತೆರೆದಿರಲಿ, ಮನೆಯವರ ಫೋಟೋ. ಯಾರು ಎಳೆದರೂ ಕಿಟಕಿ ಕ್ಷಣದಲ್ಲಿ ಸ್ವಸ್ಥಾನಕ್ಕೆ ಮರಳಬೇಕು. (ಆ ಮನೆಯಲ್ಲಿ ಅವನ ಮಾತು ಕೇಳಿದ ಮೊದಲ ವಸ್ತು ಅದೇ.)

ನಾಲ್ಕನೆಯ ದಿನ ನೋಡಿದರೆ ನಕ್ಷೆ ಒಂದು ಬೆರಳು ಕಿರಿದಾಗಿತ್ತು. ಇಲ್ಪೊ ಸ್ಕೇಲಿಟ್ಟು ಅಳೆದ. ಎಳೆದು ಹಿಗ್ಗಿಸಿದ. ಅದು ಸದ್ದಿಲ್ಲದೆ ಹಿಂದೆ ಸರಿಯಿತು, ಮೊದಲಿಗಿಂತ ಕೂದಲೆಳೆ ಕಡಿಮೆ. ಪಕ್ಕದ ಫೋಟೋ ಅಷ್ಟೇ ಹಿಗ್ಗಿತು. ಮತ್ತೆ ಎಳೆದ, ಮತ್ತೆ ಹಾಗೇ.

ಫೋಟೋದಲ್ಲಿದ್ದವಳು ಲೆಂಪಿ, ಎರಡು ಚಳಿಗಾಲದ ಹಿಂದೆ ತೀರಿಕೊಂಡ ಅತ್ತೆ. ಸರೋವರದ ದಂಡೆಯಲ್ಲಿ ತುಟಿ ಬಿಗಿದು ನಿಂತಿದ್ದಳು. ಐಲಾ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಹೊರಗೆ ನವೆಂಬರಿನ ಮಧ್ಯಾಹ್ನ ಮುಸ್ಸಂಜೆಯಂತಿತ್ತು, ಹಿಮ ಸುಮ್ಮನೆ ಬೀಳುತ್ತಿತ್ತು. ಇಲ್ಪೊ ಎಳೆದಷ್ಟೂ ಅತ್ತೆ ದೊಡ್ಡವಳಾದಳು. ಮುಖ ಅಂಗೈಯಷ್ಟಾಯಿತು, ಆಮೇಲೆ ನಿಜವಾದ ಮುಖದಷ್ಟೇ ಆಯಿತು. ಆಗ ಅವಳ ಬೆನ್ನ ಹಿಂದಿನ ಭೂರ್ಜ ಮರ ಕಾಣಿಸಿತು. ಆ ಮರದ ಬುಡದಲ್ಲೇ ಅವನ ಜಮೀನಿಗೂ ಅತ್ತೆಯ ಜಮೀನಿಗೂ ನಡುವಿನ ಗಡಿಯ ಗೂಟವಿದ್ದದ್ದು.

"ಗೊತ್ತಾಯ್ತು ಅತ್ತೆ," ಎಂದ ಮೆಲ್ಲಗೆ. "ಆ ಗೂಟ ಕಿತ್ತು ನಿಮ್ಮ ಕಡೆ ನೆಟ್ಟಿದ್ದು ನಾನೇ. ಹಬೆ ಸ್ನಾನಕ್ಕೆ ಸೌನಾ ಕಟ್ಟೋಕೆ ಜಾಗ ಸಾಲ್ಲಿಲ್ಲ. ಎರಡೇ ಮೀಟರು."

"ಯಾವ ಗೂಟ?"

ಇಲ್ಪೊ ಕುರ್ಚಿಯಿಂದ ಬೀಳುವುದೊಂದು ಬಾಕಿ. ಹಿಂದೆ ನಿಂತಿದ್ದವಳು ಐಲಾ, ಕೋಟಿನ ಮೇಲೆ ಇನ್ನೂ ಹಿಮ.

ಗಣಿತದ ಟೀಚರಾಗಿದ್ದವಳು ಅವನನ್ನು ಎಬ್ಬಿಸಿ ತಾನು ಕೂತು, ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದಳು.

"ಕಿಟಕಿ ವಾಪಸ್ ಬರುವಾಗೆಲ್ಲ ಅದರ ಅಂಚಿನಗಲ ಲೆಕ್ಕಕ್ಕೆ ಹಿಡಿದಿಲ್ಲ ನೀನು. ಅಷ್ಟಷ್ಟು ಜಾಗ ಪಕ್ಕದ್ದಕ್ಕೆ ಹೋಗುತ್ತೆ. ಗಡಿ ಮರೆಯೋದು ನಿಂಗೆ ಹಳೇ ಚಾಳಿ ಅನ್ಸುತ್ತೆ."

"ಹಾಗಾದ್ರೆ ಅತ್ತೆ ಅಲ್ವಾ?"

"ಅಲ್ಲ. ಆದ್ರೆ ಅಮ್ಮನ ಫೋಟೋ ಯಾಕೆ ತೆರೆದೆ?"

"ನೀನು ತೆರೆದದ್ದಲ್ವಾ?"

"ನಾನಲ್ಲ," ಎಂದಳು ಐಲಾ. ಆಮೇಲೆ ತಂಗಿ ಈರ್ಯಾಳಿಗೆ ಫೋನ್ ಮಾಡಿದಳು. ಅಮ್ಮನ ದಂಡೆಯ ಜಮೀನು ಹೋಗಿದ್ದು ಅವಳ ಪಾಲಿಗೆ.

ಶನಿವಾರ ಈರ್ಯಾ ಹಳೆಯ ನಕ್ಷೆ, ಅಳತೆ ಪಟ್ಟಿ ಹಿಡಿದು ಬಂದಳು. ಒತ್ತುವರಿ ಮೂರೂವರೆ ಮೀಟರು ಬಂತು.

"ಎರಡೇ. ಸತ್ಯವಾಗ್ಲೂ ಎರಡೇ," ಎಂದ ಇಲ್ಪೊ.

"ಗೂಟ ತಾನಾಗೇ ನಡೀತಾ?" ಎಂದಳು ಈರ್ಯಾ.

ಎರಡು ಸಲ ಅಳೆದರೂ ಮೂರೂವರೆಯೇ. ಗಡಿ ಸೌನಾದ ನಟ್ಟನಡುವೆ ಹಾದುಹೋಯಿತು. ಕೂರುವ ಹಲಗೆ ಇಲ್ಪೊನದು, ಒಲೆ ಈರ್ಯಾಳದು.

ಸಂಜೆ ಇಲ್ಪೊ ಟವೆಲ್ ಸುತ್ತಿಕೊಂಡು ತಣ್ಣನೆಯ ಹಲಗೆಯ ಮೇಲೆ ಕೂತು, ಬಾಗಿಲ ಸಂದಿಯಿಂದ ಕೂಗಿದ. "ಈರ್ಯಾ, ಒಂದೆರಡು ಸೌದೆ ಹಾಕ್ಲಾ?"

"ಇರು, ಕೇಳಿ ಹೇಳ್ತೀನಿ," ಎಂದು ಅವಳು ಹೊರಗೆ ಭೂರ್ಜ ಮರದ ಕಡೆ ನಡೆದಳು.

ಯಾರನ್ನು ಕೇಳುತ್ತಾಳೆಂದು ಇಲ್ಪೊ ಕೇಳಲಿಲ್ಲ.